ಹೆಲ್ಮರ್ ಮಣ್ಣು ಸಡಿಲಿಸಿದ ವರ್ಷ

ನಮ್ಮ ಊರಿನವರಿಗೆ ಬಾಯಿ ಇರುವುದು ಕಾಫಿ ಕುಡಿಯುವುದಕ್ಕೆ ಮಾತ್ರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ಇವರಷ್ಟು ಬಿಗಿಯಾಗಿ ಹಿಡಿದುಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೂ, ಈಗ ಬಾಗಿಲು ತಟ್ಟಿದರೆ ಅವರಿಗೆ ತೊಂದರೆಯಾದೀತೇನೋ ಎಂದು ಒಂದು ಗಳಿಗೆ ಯೋಚಿಸುವ ಜನ. ನಾನೂ ಇಲ್ಲೇ, ಯೆಲ್ಮಾರೆನ್ ಸರೋವರದ ದಂಡೆಯಲ್ಲೇ ಹುಟ್ಟಿ ಬೆಳೆದವಳು. ಈ ಬಾಯಿ ಮಾತ್ರ ಬೇರೆ ಯಾವುದೋ ಊರಿಗೆ ಹೋಗಬೇಕಾದ್ದು ದಾರಿ ತಪ್ಪಿ ನನಗೆ ಬಂದಿದೆ. ‘ಮೈಕೆನ್ ಅಕಾರ್ಡಿಯನ್ ತರದೆ ಬಂದರೂ ಮನೆಯಲ್ಲಿ ಸದ್ದಿಗೇನೂ ಕಡಿಮೆಯಿಲ್ಲ’ ಎಂದು ಹೆಲ್ಮರ್ ನನ್ನ ಬಗ್ಗೆ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ. ಅವನ ಕಥೆ ಹೇಳುವುದಕ್ಕೆ ಇಂಥ ಬಾಯಿಯೇ ಬೇಕು.

ಹೆಲ್ಮರ್ ನನ್ನ ಪಕ್ಕದ ಮನೆಯವನು. ಅವನಿಗೂ ನನಗೂ ನಡುವೆ ಒಂದು ಲೈಲಾಕ್ ಹೂಗಿಡದ ಬೇಲಿ. ದುಡಿಯುವಷ್ಟು ಕಾಲವೂ ಮನೆಮನೆಗೆ ನೀರಿನ ಪೈಪು ಜೋಡಿಸಿದವನು, ಚಳಿಗಾಲದಲ್ಲಿ ಒಡೆದ ಪೈಪುಗಳನ್ನು ನೆಲಮಾಳಿಗೆಯಲ್ಲಿ ಅಂಗಾತ ಮಲಗಿ ರಿಪೇರಿ ಮಾಡಿದವನು. ಆದ್ದರಿಂದ ಅವನ ಪ್ರಕಾರ ಲೋಕದ ಎಲ್ಲ ಕಷ್ಟಕ್ಕೂ ಕಾರಣ ಒಂದೇ: ಎಲ್ಲೋ ಏನೋ ಕಟ್ಟಿಕೊಂಡಿದೆ. ಮಂಡಿ ನೋವೇ, ಮಗಳ ಮದುವೆಯಲ್ಲಿ ಮನಸ್ತಾಪವೇ, ಸರ್ಕಾರದ ಕೆಲಸ ತಡವೇ, ಎಲ್ಲೋ ಕಟ್ಟಿಕೊಂಡಿದೆ, ಅಷ್ಟೆ. ಅವನ ಹೆಂಡತಿ ಅಸ್ತಾ ಶಾಲೆಯ ಅಡುಗೆಮನೆಯಲ್ಲಿದ್ದವಳು. ಮುನ್ನೂರು ಮಕ್ಕಳ ಗಲಾಟೆಯ ಮೇಲೆ ಕೇಳಿಸುವಂಥ ಕಂಠ, ಅದಕ್ಕೆ ತಕ್ಕ ನಗು. ಅವಳು ನಕ್ಕರೆ ನನ್ನ ಅಡುಗೆಮನೆಯ ಕಿಟಕಿಗೆ ಗೊತ್ತಾಗುತ್ತಿತ್ತು.

ಜೂನ್ ಕೊನೆಗೆ ಬರುವ ನಮ್ಮ ನಡುಬೇಸಿಗೆ ಹಬ್ಬದ ಕುಣಿತ ನಡೆಯುವುದು ಇವರ ಹುಲ್ಲುಹಾಸಿನ ಮೇಲೆ. ಮೊದಲು ಅದು ಚರ್ಚಿನ ಮುಂದಿನ ಬಯಲಲ್ಲಿ ನಡೆಯುತ್ತಿತ್ತು. ಬಯಲು ಕಾರು ನಿಲ್ಲಿಸುವ ಜಾಗವಾದ ವರ್ಷ, ‘ಇದೊಂದು ವರ್ಷ ನಮ್ಮಲ್ಲಿ ಮಾಡಿ’ ಎಂದಳು ಅಸ್ತಾ. ಆ ಇದೊಂದು ವರ್ಷ ಮೂವತ್ತು ದಾಟಿತು. ಹೂವು ಸೊಪ್ಪು ಸುತ್ತಿ ಸಿಂಗರಿಸಿದ ಹಬ್ಬದ ಕಂಬ ನೆಡುವುದಕ್ಕೆ ಹೆಲ್ಮರ್ ಹುಲ್ಲಿನ ನಟ್ಟನಡುವೆ ಒಂದು ದಪ್ಪ ಕಬ್ಬಿಣದ ಪೈಪನ್ನೇ ಹೂತುಬಿಟ್ಟ. ಹಬ್ಬ ಮುಗಿದರೆ ಅದಕ್ಕೆ ಮುಚ್ಚಳ, ಮುಚ್ಚಳದ ಮೇಲೆ ಅಸ್ತಾಳ ಹೂಕುಂಡ. ಕಂಬದ ಸುತ್ತ ಕೈಕೈ ಹಿಡಿದು, ಮಳೆ ಬಂದರೂ ಬಿಡದೆ, ಊರಿಗೆ ಊರೇ ಸುತ್ತಿದ್ದು ಸುತ್ತಿದ್ದೇ. ಮೂವತ್ತು ವರ್ಷ ಒಂದೇ ಜಾಗವನ್ನು ತುಳಿದರೆ ಮಣ್ಣು ಏನಾಗಬೇಕು? ಹುಲ್ಲಿನ ನಡುವೆ ದುಂಡಗೆ ಒಂದು ಬೋಳು ಉಂಗುರವಾಯಿತು. ಒಳಗೂ ಹೊರಗೂ ಹಸಿರು, ಉಂಗುರದಲ್ಲಿ ಮಾತ್ರ ಪಾಚಿ ಮತ್ತು ಗಟ್ಟಿ ನೆಲ. ಮಳೆ ಬಂದರೆ ನೀರು ಇಳಿಯುವುದೇ ಇಲ್ಲ, ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೂಟು ಹಾಕಿಕೊಂಡು ಕುಣಿದರು.

ಹೋದ ವರ್ಷ ಅದೇ ಉಂಗುರದಲ್ಲಿ ಅಸ್ತಾ ಜಾರಿ ಬಿದ್ದಳು. ಎಂದಿನ ಹಾಗೆ ಸಾಲಿನ ಮುಂದಾಳು ಅವಳೇ. ನಾನು ಕಂಬದ ಬುಡದಲ್ಲಿ ನಿಂತು ಅಕಾರ್ಡಿಯನ್ ನುಡಿಸುತ್ತಿದ್ದೆ, ಅವಳ ಕಾಲು ಹೋದದ್ದನ್ನು ನಾನೇ ಮೊದಲು ಕಂಡೆ. ಸೊಂಟದ ಮೂಳೆ ಮುರಿದಿತ್ತು. ಅರ್ಧಕ್ಕೆ ನಿಂತ ಆ ಹಾಡನ್ನು ನಾನು ಆಮೇಲೆ ಮನೆಯಲ್ಲಿ ಕೂಡ ನುಡಿಸಲಿಲ್ಲ.

ಆಸ್ಪತ್ರೆಯಲ್ಲಿ ಒಳಗೆ ಲೋಹ ಕೂಡಿಸಿದರು. ‘ಈಗ ನಿನಗೂ ಪೈಪು ಬಂತು’ ಎಂದ ಹೆಲ್ಮರ್. ಚಳಿಗಾಲ ಮುಗಿಯುವಷ್ಟರಲ್ಲಿ ಮೂಳೆ ಕೂಡಿಕೊಂಡು, ಊರುಗೋಲೂ ಬೇಡ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೆ ಅಸ್ತಾ ಕೋಲು ಬಿಡಲಿಲ್ಲ. ಹಿಮದಲ್ಲಿ ಜಾರದಿರಲು ಅದರ ತುದಿಗೆ ಹಾಕಿದ ಕಬ್ಬಿಣದ ಮೊನೆಯನ್ನು ಬೇಸಿಗೆ ಬಂದರೂ ತೆಗೆಯಲಿಲ್ಲ. ಅದಿರಲಿ, ಹುಲ್ಲಿನ ಮೇಲೆ ಒಂದು ಹೆಜ್ಜೆ ಇಡಲಿಲ್ಲ. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದು ಬಿಟ್ಟು ಜಗಲಿಯ ಕಟಕಟೆಗೆ ಹಾಕತೊಡಗಿದಳು. ನಾನು ಸುಮ್ಮನಿರುವವಳಲ್ಲವಲ್ಲ, ಕೇಳಿಯೇಬಿಟ್ಟೆ.

"ಕಾಲಿಗೇನೂ ಆಗಿಲ್ಲ ಕಣೇ ಮೈಕೆನ್" ಎಂದಳು. "ಧೈರ್ಯ ಮುರಿದಿದೆ. ಅದಕ್ಕೆ ಯಾವ ಡಾಕ್ಟ್ರೂ ಪಟ್ಟಿ ಕಟ್ಟಲ್ಲ."

ಅವಳ ಬಾಯಲ್ಲಿ ಇಂಥ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಹಿಮ ಕರಗಿ ನೆಲ ಒಣಗುತ್ತಿದ್ದ ಹಾಗೆ, ಹೆಲ್ಮರ್ ಅವಳ ಊರುಗೋಲನ್ನು ಎತ್ತಿಕೊಂಡು ಬಂದು ಉಂಗುರದ ಮೇಲೆ ಕುಟ್ಟಿದ. ಟಕ್ ಎಂದಿತು, ಕಲ್ಲಿನ ಮೆಟ್ಟಿಲ ಮೇಲೆ ಕುಟ್ಟಿದ ಹಾಗೆಯೇ. ಪಕ್ಕದ ಹುಲ್ಲಿನಲ್ಲಿ ಚುಚ್ಚಿದರೆ ಕೋಲು ಮೆತ್ತಗೆ ಇಳಿಯಿತು. ಅವನು ಬೇಲಿಯ ಹತ್ತಿರ ಬಂದ.

"ಕೇಳಿಸ್ತಾ? ತಪ್ಪು ಅವಳ ಕಾಲಿಂದಲ್ಲ, ಮಣ್ಣಿಂದು. ತುಳಿದು ತುಳಿದು ಒಳಗಿನ ಸಂದೆಲ್ಲ ಮುಚ್ಚಿಹೋಗಿದೆ. ಗಾಳಿ ಹೋಗಲ್ಲ, ನೀರು ಹೋಗಲ್ಲ, ಎರೆಹುಳ ಕೂಡ ಮನೆ ಖಾಲಿ ಮಾಡಿದೆ."

"ಅಂದ್ರೆ ಕಟ್ಟಿಕೊಂಡಿದೆ ಅಂತೀಯ."

"ಮತ್ತೇನು? ಬಿಡಿಸ್ತೀನಿ. ಹಬ್ಬದ ದಿನ ಅವಳು ಇಲ್ಲಿ ಕಾಲಿಡಬೇಕು ಮೈಕೆನ್. ಕುಣಿಯದಿದ್ರೂ ಪರವಾಗಿಲ್ಲ, ಕಾಲಿಡಬೇಕು." ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡ. ಹೆಲ್ಮರ್ ಅಷ್ಟುದ್ದ ಮಾತಾಡಿದ್ದನ್ನು ನಾನು ನೋಡಿದ್ದೇ ಕಡಿಮೆ.

ಮೊದಲು ಅವನು ಅಂಗಡಿಯಿಂದ ಮೊಳೆಚಪ್ಪಲಿ ತಂದ. ಅಡಿಯಲ್ಲಿ ಉದ್ದುದ್ದ ಮೊಳೆಗಳು, ಬೂಟಿನ ಮೇಲೆ ಪಟ್ಟಿ ಬಿಗಿದುಕೊಂಡು ಹುಲ್ಲಿನಲ್ಲಿ ನಡೆದರೆ ಮಣ್ಣಿಗೆ ತೂತು ಬೀಳುತ್ತದಂತೆ. ಹಿಂದಿನ ಸಂಜೆ ನೀರು ಬಿಟ್ಟು ಮಣ್ಣನ್ನು ಹದ ಮಾಡಿಕೊಂಡಿದ್ದ. ಉಂಗುರಕ್ಕೆ ಇಳಿದು ಜೋರಾಗಿ ಎರಡು ಹೆಜ್ಜೆ ಊರಿದ. ಮೊಳೆ ಹೋಯಿತು, ವಾಪಸು ಬರಲಿಲ್ಲ. ಬಲಗಾಲು ಎಳೆದರೆ ಎಡಗಾಲು ಬಿಡದು, ಎಡಗಾಲು ಎಳೆದರೆ ಪಟ್ಟಿಯೇ ಕಿತ್ತು ಬರುವ ಹಾಗಾಯಿತು. ಎರಡೂ ಕೈ ಚಾಚಿಕೊಂಡು ಹಬ್ಬದ ಕಂಬದ ಹಾಗೆ ನಿಂತ. ನಾನು ಬೇಲಿಯಾಚೆಯಿಂದ, "ಹೂವು ತರ್ಲಾ ಹೆಲ್ಮರ್, ಸುತ್ತ ಕಟ್ಟೋಣ" ಎಂದೆ. ಆಗ ಅವರ ಅಡುಗೆಮನೆಯ ಕಿಟಕಿಯಿಂದ ಆ ನಗು ಬಂತು. ಹತ್ತು ತಿಂಗಳಿಂದ ಕೇಳದ ನಗು. ಹೆಲ್ಮರ್ ಬೂಟಿನ ದಾರ ಬಿಚ್ಚಿ, ಚಪ್ಪಲಿ ಬೂಟು ಎರಡನ್ನೂ ಅಲ್ಲೇ ಬಿಟ್ಟು, ಕಾಲುಚೀಲದಲ್ಲೇ ಬೇಲಿಗೆ ಬಂದು ಕಿವಿಗೊಟ್ಟು ನಿಂತ. "ಇನ್ನೊಂದು ಸಲ ಸಿಕ್ಕಿಹಾಕಿಕೊಳ್ಳಲಾ ಅಂತ ಯೋಚಿಸ್ತಿದೀನಿ" ಎಂದ.

ಆದರೆ ಮೊಳೆ ಚುಚ್ಚಿದರೆ ಮಣ್ಣು ಹೊರಗೆ ಬರುವುದಿಲ್ಲ, ಪಕ್ಕಕ್ಕೆ ಒತ್ತಿ ಇನ್ನಷ್ಟು ಬಿಗಿಯಾಗುತ್ತದೆ ಎಂದು ಅವನಿಗೆ ಹೊಳೆಯಿತು. ಪೈಪಿನವನಿಗೆ ಹೊಳೆಯದೆ ಇರುತ್ತದೆಯೇ? ಶೆಡ್ಡಿನಲ್ಲಿದ್ದ ಹಳೆಯ ಕಿರುಪೈಪಿನ ತುಂಡುಗಳ ತುದಿಯನ್ನು ಉಜ್ಜಿ ಚೂಪು ಮಾಡಿ, ತೋಟದ ಮಣ್ಣು ಅಗೆಯುವ ಫೋರ್ಕಿನ ಹಲ್ಲು ಕತ್ತರಿಸಿದ ಜಾಗಕ್ಕೆ ಬೆಸುಗೆ ಹಾಕಿದ. ಅದನ್ನು ನೆಲಕ್ಕಿಟ್ಟು ಕಾಲಿನಿಂದ ಅದುಮಿ ಎತ್ತಿದರೆ, ಪೈಪಿನೊಳಗೆ ತುಂಬಿದ ಮಣ್ಣು ಬೆರಳುದ್ದದ ತುಂಡುಗಳಾಗಿ ಮೇಲಿಂದ ಉದುರುತ್ತಿತ್ತು. ಒಂದು ಗೇಣು ಸರಿ, ಅದುಮು, ಎತ್ತು. ಉಂಗುರವಿಡೀ ಹೀಗೆ. ಬೆಳಗಿನ ಕಾಫಿಯಾದ ಮೇಲೆ ಶುರುವಾದರೆ ಬೆನ್ನು ಬೇಡ ಅನ್ನುವ ತನಕ. ಹಲ್ಲು ಕಚ್ಚಿಕೊಂಡು, ಹುಬ್ಬು ಗಂಟಿಕ್ಕಿಕೊಂಡು ಮಾಡುತ್ತಿದ್ದ, ಕೆಲಸ ಮಾಡುವಾಗ ಅವನ ಮುಖ ಹಾಗೆಯೇ. ಹುಲ್ಲಿನ ಮೇಲೆ ಬಿದ್ದ ಮಣ್ಣಿನ ತುಂಡುಗಳನ್ನು ನೋಡಿ ಅಸ್ತಾ ಕಿಟಕಿಯಿಂದಲೇ, "ಸರೋವರದ ಹೆಬ್ಬಾತುಗಳೆಲ್ಲ ನಮ್ಮಲ್ಲೇ ಹಿಕ್ಕೆ ಹಾಕಿದ ಹಾಗಿದೆ" ಎಂದಳು. ಆಮೇಲೆ ಅವನು ಆ ತೂತುಗಳಿಗೆ ದಪ್ಪ ಮರಳು ಸುರಿದು ಪೊರಕೆಯಿಂದ ಗುಡಿಸಿ ತುಂಬಿದ. ಹುಲ್ಲಿನ ಬೀಜ ಎರಚಿದ. ಯಾರೂ ತುಳಿಯದಿರಲಿ ಎಂದು ಸುತ್ತ ಗೂಟ ಹೊಡೆದು ದಾರ ಎಳೆದು, ದಾರಕ್ಕೆ ಕೆಂಪು ಬಟ್ಟೆಯ ಚಿಂದಿ ಕಟ್ಟಿದ.

ದಾರಿಯಲ್ಲಿ ಹೋಗುವವರು ಇದನ್ನೆಲ್ಲ ನೋಡಿದರು. ನೋಡಿದರು, ಅಷ್ಟೆ. ಊರಿನ ಸಂಘದ ಅಧ್ಯಕ್ಷ ಟೂರೆ, ಜೇನು ಸಾಕುವವನು, ಒಂದು ದಿನ ಸೈಕಲ್ಲು ನಿಧಾನ ಮಾಡಿದ. ಹೆಲ್ಮರ್ ಫೋರ್ಕನ್ನು ನೆಲಕ್ಕೆ ಅದುಮುತ್ತಿದ್ದ.

"ಒಳ್ಳೆ ಹವಾ" ಎಂದ ಟೂರೆ.

"ಹೂಂ" ಎಂದ ಹೆಲ್ಮರ್.

ಟೂರೆ ಸೈಕಲ್ಲು ತುಳಿದ. ಆ ವಸಂತದಲ್ಲಿ ಆ ಉಂಗುರದ ಬಗ್ಗೆ ಊರು ಆಡಿದ ಮಾತು ಇಷ್ಟೇ.

ಜೂನ್ ಶುರುವಿನಲ್ಲಿ ನನ್ನ ಮಗಳಿಗೆ ಹೆರಿಗೆಯೆಂದು ನಾನು ಯೋತೆಬೊರಿ ನಗರಕ್ಕೆ ಹೋದೆ. ಬಂದದ್ದು ಹಬ್ಬದ ದಿನವೇ, ಬೆಳಗಿನ ಬಸ್ಸಿಗೆ. ಮಳೆ ಸುರಿಯುತ್ತಿತ್ತು, ಹಬ್ಬದ ದಿನ ಸುರಿಯದೆ ಇನ್ನೆಂದು ಸುರಿದೀತು. ಬಟ್ಟೆ ಬದಲಿಸಿ, ಮಳೆ ನಿಂತ ಮೇಲೆ ಅಕಾರ್ಡಿಯನ್ ಎದೆಗೆ ಕಟ್ಟಿಕೊಂಡು ಬೇಲಿಯ ಸಂದಿನಿಂದ ಆ ಕಡೆ ಹೋದೆ.

ಉಂಗುರ ಕಾಣಲಿಲ್ಲ. ಅಲ್ಲಿ ಎಳೆ ಹುಲ್ಲು, ಎಷ್ಟು ಹಸಿರು ಎಂದರೆ ಸುತ್ತಲಿನ ಹಳೆಯ ಹುಲ್ಲು ಅದರ ಮುಂದೆ ಮಂಕಾಗಿ ಕಾಣುತ್ತಿತ್ತು. ಅಷ್ಟು ಮಳೆ ಬಂದಿದ್ದರೂ ಒಂದು ಹನಿ ನೀರು ನಿಂತಿರಲಿಲ್ಲ. ದಾರ ತೆಗೆದಿದ್ದ. ಪೈಪಿನ ಮುಚ್ಚಳ ತೆಗೆದು ಹೂಕುಂಡ ಪಕ್ಕಕ್ಕಿಟ್ಟಿದ್ದ. ಸೇಬಿನ ಮರದ ಕೆಳಗೆ ಉದ್ದನೆಯ ಮೇಜು, ಹುಳಿ ಹಾಕಿದ ಹೆರಿಂಗ್ ಮೀನು, ಸಬ್ಬಸಿಗೆ ಹಾಕಿ ಬೇಯಿಸಿದ ಹೊಸ ಆಲೂಗಡ್ಡೆ, ಊರಿಗೆಲ್ಲ ಸಾಲುವಷ್ಟು ದೊಡ್ಡ ಸ್ಟ್ರಾಬೆರಿ ಕೇಕು. ಹೆಲ್ಮರ್ ಬಿಳಿ ಅಂಗಿ ಹಾಕಿ ನಿಂತಿದ್ದಾನೆ, ಅಸ್ತಾ ಕೋಲು ಹಿಡಿದು ಜಗಲಿಯಲ್ಲಿ ಕೂತಿದ್ದಾಳೆ. ಬೇರೆ ಒಂದು ನರಪಿಳ್ಳೆಯಿಲ್ಲ. ಕಂಬ ತಂದಿಲ್ಲ, ಬರ್ಚ್ ಮರದ ಸೊಪ್ಪು ತಂದಿಲ್ಲ, ಹೂವು ಕಟ್ಟುವವರಿಲ್ಲ.

"ಎಲ್ರೂ ಎಲ್ಲಿ?" ಎಂದೆ.

"ಬರ್ತಾರೆ. ಮಳೆ ಅಲ್ವಾ" ಎಂದ ಹೆಲ್ಮರ್.

ಆಗ ಸರೋವರದ ದೋಣಿಕಟ್ಟೆಯ ಕಡೆಯಿಂದ ಗಾಳಿ ಬೀಸಿತು. ಗಾಳಿಯಲ್ಲಿ ಹಬ್ಬದ ಸಂಗೀತ, ಧ್ವನಿವರ್ಧಕದ್ದು. ಮೂವರೂ ಕೇಳಿಸಿಕೊಂಡೆವು.

"ನಾನು ಬಿದ್ದು ಅವರ ಹಬ್ಬ ಕೆಡಿಸಿದ್ನಲ್ಲ" ಎಂದಳು ಅಸ್ತಾ ಮೆಲ್ಲಗೆ. "ಅದಕ್ಕೇ ಬೇರೆ ಕಡೆ ಮಾಡ್ಕೊಂಡಿದಾರೆ. ಸರಿಯೇ ಬಿಡು."

ಹೆಲ್ಮರ್ ಹೋಗಿ ಪೈಪಿನ ಮುಚ್ಚಳ ಮುಚ್ಚಿದ. ಹೂಕುಂಡವನ್ನು ಎತ್ತಿ ಅದರ ಮೇಲಿಟ್ಟ. ಆಮೇಲೆ ಮೇಜಿನ ಮೇಲಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಅದನ್ನು ನೋಡಿ ನನಗೆ ಅಳುವೂ ಬಂತು, ಮೈಯೂ ಉರಿಯಿತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಅಕಾರ್ಡಿಯನ್ನನ್ನು ಬೆನ್ನಿಗೆ ತಿರುಗಿಸಿ ಸೈಕಲ್ಲು ಹತ್ತಿದೆ.

ದೋಣಿಕಟ್ಟೆಯಲ್ಲಿ ಕಂಡ ಹಬ್ಬವನ್ನು ಏನೆಂದು ಹೇಳಲಿ? ಜಲ್ಲಿಕಲ್ಲಿನ ನೆಲದಲ್ಲಿ ಕಂಬ ನೆಡುವುದಕ್ಕೆ ಆಗದೆ, ಅದನ್ನು ದೋಣಿ ಎಳೆಯುವ ಗಾಡಿಗೆ ಹಗ್ಗದಿಂದ ಕಟ್ಟಿ, ಬುಡಕ್ಕೆ ಹಳೆಯ ಟೈರು ತುರುಕಿದ್ದರು. ಹೂವು ಸೊಪ್ಪು ಸಿಂಗಾರವೆಲ್ಲ ಸರಿಯಾಗಿದೆ, ಕಂಬ ಮಾತ್ರ ಕುಡಿದವರ ಹಾಗೆ ವಾಲಿದೆ. ಜನ ಒದ್ದೆ ಹಲಗೆಗಳ ಮೇಲೆ ಡಬ್ಬಿ ತೆರೆದುಕೊಂಡು ಕೂತಿದ್ದಾರೆ. ಸಾವಿನ ಮನೆಯಲ್ಲಾದರೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ.

"ಟೂರೆ" ಎಂದೆ. "ಅಲ್ಲಿ ಹೆಲ್ಮರ್ ತಟ್ಟೆ ಎತ್ತಿಡ್ತಿದಾನೆ. ಇದೇನು ನೀವು ಮಾಡಿರೋದು?"

ಟೂರೆ ಟೊಪ್ಪಿ ತೆಗೆದ. "ಅವನಿಗೆ ತೊಂದರೆ ಕೊಡೋದು ಬೇಡ ಅಂತ ಮೈಕೆನ್. ನೀನೇ ನೋಡಿದ್ಯಲ್ಲ, ಆ ನೆಲಾನ ಹಗೆ ಇಟ್ಟವನ ಹಾಗೆ ಚುಚ್ತಿದ್ದ. ಆಮೇಲೆ ದಾರ ಕಟ್ಟಿದ, ಕೆಂಪು ಬಟ್ಟೆ ಬೇರೆ. ನಮ್ಮ ಕುಣಿತದಲ್ಲೇ ಅಲ್ವಾ ಅವಳ ಸೊಂಟ ಮುರಿದಿದ್ದು. ಇನ್ನು ಯಾರೂ ಕಾಲಿಡಬೇಡಿ ಅಂತ ಅವನು ಬಾಯಿಬಿಟ್ಟು ಹೇಳ್ಬೇಕಾ?"

"ಅವನನ್ನ ಕೇಳಿದ್ಯಾ?"

"ಕೇಳೋದು ಹೇಗೆ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕೇಳಿದ್ರೆ ಪಾಪ, ಬೇಡ ಅನ್ನೋಕಾಗದೆ ಬನ್ನಿ ಅಂದ್ಬಿಡ್ತಾನಲ್ಲ."

ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಈ ನ್ಯಾಯ ಅವರಿಗೆಲ್ಲ ಒಪ್ಪಿಗೆಯಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೇನೆ. ಇವರು ಎತ್ತು ಈಯಿತು ಎಂದು ಯಾರೂ ಹೇಳದಿದ್ದರೂ ಕರುವಿಗೆ ಹಗ್ಗ ಹೊಸೆದು ಕೂತಿದ್ದರು.

"ನನಗ್ಯಾಕೆ ಹೇಳ್ಲಿಲ್ಲ?"

"ಸೊಲ್ವೇಗ್ ಹೇಳಿದಾಳೆ ಅಂದ್ಕೊಂಡೆ" ಎಂದ ಟೂರೆ.

"ನಾನು ಇವ್ರೇ ಹೇಳಿದಾರೆ ಅಂದ್ಕೊಂಡೆ" ಎಂದಳು ಅವನ ಹೆಂಡತಿ ಸೊಲ್ವೇಗ್, ಡಬ್ಬಿಯೊಳಗೆ ನೋಡುತ್ತ.

ಆಮೇಲೆ ನಾನು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಬರೆಯಬಹುದಾದದ್ದು ಇಷ್ಟು: ಅವನು ಚುಚ್ಚಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ ಕಣ್ರಯ್ಯಾ, ಅವಳು ಮತ್ತೆ ಆ ನೆಲದ ಮೇಲೆ ಕಾಲಿಡಲಿ ಅಂತ. ಮೂವತ್ತು ವರ್ಷ ಆ ಮಣ್ಣನ್ನು ತುಳಿದು ಕಲ್ಲು ಮಾಡಿದವರು ನಾವು, ವಸಂತವೆಲ್ಲ ಬೆನ್ನು ಮುರಿದುಕೊಂಡು ಮೆತ್ತಗೆ ಮಾಡಿದವನು ಅವನೊಬ್ಬನೇ. ಈಗ ಅವಳು, ನನ್ನಿಂದ ಹಬ್ಬ ಕೆಟ್ಟಿತು ಅಂದುಕೊಂಡು ಜಗಲಿಯಲ್ಲಿ ಕೂತಿದ್ದಾಳೆ.

ಯಾರೋ ಧ್ವನಿವರ್ಧಕ ಆರಿಸಿದರು. ಟೂರೆ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸಿದ, ತಿರುಗಿಸಿದ.

"ಈಗ ಹೋದ್ರೆ ಸರಿಯಾಗಿ ಊಟದ ಹೊತ್ತಿಗೆ ಹೋದ ಹಾಗಾಗಲ್ವಾ?" ಎಂದ.

"ಕಂಬ ಎತ್ತು" ಎಂದೆ.

ಎತ್ತಿದರು. ಸಿಂಗಾರ ಬಿಚ್ಚುವುದಕ್ಕೆ ಹೊತ್ತಿಲ್ಲ, ಹಾಗೇ ಅಡ್ಡಡ್ಡ ಹೆಗಲ ಮೇಲೆ ಹೊತ್ತರು. ನಾನು ಮುಂದೆ ನುಡಿಸುತ್ತ ನಡೆದೆ. ಊರ ರಸ್ತೆ ಕಿರಿದು, ಕಂಬ ಉದ್ದ. ಬೇಕರಿಯ ತಿರುವಿನಲ್ಲಿ ‘ಹಿಂದೆ ಬಾ, ಮುಂದೆ ಹೋಗು, ನಿಲ್ಲು’ ಎಂದು ಊರಿನ ಜನ ಒಬ್ಬರಿಗೊಬ್ಬರು ಕೂಗಿ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಕಂಬಕ್ಕೆ ತೂಗುಹಾಕಿದ್ದ ಒಂದು ಹೂವಿನ ಬಳೆ ವೇಗದ ಮಿತಿ ಹೇಳುವ ಫಲಕಕ್ಕೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ನಮ್ಮ ಹಿಂದೆ ಒಂದು ಜರ್ಮನ್ ಪ್ರವಾಸಿ ವ್ಯಾನು ದಾರಿ ಸಿಗದೆ ನಿಧಾನವಾಗಿ ಬರುತ್ತಿತ್ತು. ಇದು ಇಲ್ಲಿನ ಹಳೆಯ ಪದ್ಧತಿ ಎಂದುಕೊಂಡ ಆ ಗಂಡಹೆಂಡಿರು ವ್ಯಾನು ನಿಲ್ಲಿಸಿ ಇಳಿದು ಬಂದು ಕಂಬಕ್ಕೆ ಹೆಗಲು ಕೊಟ್ಟರು. ಯಾರೂ ಅವರಿಗೆ ಅಲ್ಲ ಅನ್ನಲಿಲ್ಲ.

ಹೆಲ್ಮರ್ ಎದೆಯವರೆಗೆ ತಟ್ಟೆ ಪೇರಿಸಿಕೊಂಡು ಒಳಗೆ ಹೊರಟಿದ್ದ. ಲೈಲಾಕ್ ಬೇಲಿಯ ಮೇಲೆ ಹೂವಿನ ಕಂಬವೊಂದು ತಾನೇ ತಾನಾಗಿ ನಡೆದು ಬರುವುದನ್ನು ಕಂಡು ಹಾಗೇ ನಿಂತ. ಗೇಟಿನಲ್ಲಿ ಟೂರೆ ಬೆವರು ಒರೆಸಿಕೊಂಡು ಭಾಷಣಕ್ಕೆ ನಿಂತ. "ಹೆಲ್ಮರ್, ನಾವು... ನಿನಗೆ ತೊಂದರೆ ಆಗದಿದ್ರೆ..."

"ಇರು, ಮುಚ್ಚಳ ತೆಗೀತೀನಿ" ಎಂದ ಹೆಲ್ಮರ್. ತಟ್ಟೆಗಳನ್ನು ಟೂರೆಯ ಕೈಗೆ ಕೊಟ್ಟು ಓಡಿದ. ಆ ವಯಸ್ಸಿನವನು ಓಡಿದ್ದನ್ನು ನಾನು ನೋಡಿದೆ.

ಕಂಬ ಪೈಪಿನೊಳಗೆ ಇಳಿದು ನೆಟ್ಟಗೆ ನಿಂತಿತು. ಇನ್ನೇನು, ಕುಣಿಯಬೇಕು. ಆದರೆ ಒಬ್ಬರೂ ಕಾಲಿಡಲಿಲ್ಲ. ಎಳೆ ಹುಲ್ಲು ನೋಡಿ ಎಲ್ಲರೂ ಅಂಚಿನಲ್ಲೇ ದುಂಡಗೆ ನಿಂತು ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದಾರೆ. ನಾನು ಎರಡು ಸಲ ಪಲ್ಲವಿ ನುಡಿಸಿದೆ. ಮೂರನೆಯ ಸಲಕ್ಕೆ ಬೈಯಬೇಕು ಎಂದುಕೊಳ್ಳುವಷ್ಟರಲ್ಲಿ ಜಗಲಿಯ ಮೆಟ್ಟಿಲ ಮೇಲೆ ಟಕ್ ಎಂದಿತು.

ಅಸ್ತಾ ಇಳಿದು ಬರುತ್ತಿದ್ದಳು. ಟಕ್, ಟಕ್, ಕಲ್ಲುಹಾದಿಯ ಕೊನೆಯವರೆಗೆ ಬಂದು ನಿಂತಳು. ಜನ ಜಾಗ ಬಿಟ್ಟರು. ಹೆಲ್ಮರ್ ಎದುರು ಬದಿಯಲ್ಲಿದ್ದ, ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ಕೋಲು ಚಾಚಿ, ತಾನು ಬಿದ್ದಿದ್ದ ಜಾಗದಲ್ಲೇ ಅದರ ಮೊನೆ ಇಟ್ಟಳು. ಸದ್ದಾಗಲಿಲ್ಲ. ಒತ್ತಿದಳು. ಕೋಲು ಮೆತ್ತಗೆ ಇಳಿಯಿತು, ಇನ್ನೂ ಒತ್ತಿದರೆ ಇನ್ನೂ ಇಳಿಯಿತು. ಕೈ ಬಿಟ್ಟು ನೋಡಿದಳು. ಕೋಲು ತಾನೇ ನಿಂತಿತ್ತು.

"ಏನೋ ಇದು ಹೆಲ್ಮರ್, ನನ್ನ ಕೇಕಿಗಿಂತ ಮೆತ್ತಗಿದೆ" ಎಂದಳು.

"ಮರಳು ಹಾಕಿದೀನಿ" ಎಂದ ಹೆಲ್ಮರ್.

ಅವಳು ಬೂಟು ಕಳಚಿದಳು, ಕಾಲುಚೀಲವನ್ನೂ. ಬರಿಗಾಲನ್ನು ಒದ್ದೆ ಹುಲ್ಲಿನ ಮೇಲಿಟ್ಟು, ಬೆರಳುಗಳನ್ನು ಅಗಲಿಸಿ, ಎರಡನೆಯ ಕಾಲನ್ನೂ ಇಟ್ಟಳು. ಕೋಲನ್ನು ಅಲ್ಲೇ ಬಿಟ್ಟು ಕಂಬದ ಆಚೆ ಬದಿಯವರೆಗೆ ನಡೆದು ಗಂಡನ ಕೈ ಹಿಡಿದಳು. ಆಮೇಲೆ ಶಾಲೆಯ ಅಡುಗೆಮನೆಯ ಆ ಕಂಠ ತೆಗೆದು, "ಎಲ್ರೂ ಬೂಟು ಬಿಚ್ಚಿ. ನನ್ನ ಗಂಡ ಮಾಡಿದ ನೆಲ ಇದು" ಎಂದಳು.

ಬೇಲಿಯ ಉದ್ದಕ್ಕೂ ಬೂಟುಗಳ ಸಾಲಾಯಿತು. ಜರ್ಮನ್ನರೂ ಬಿಚ್ಚಿದರು. ಊರಿಗೆ ಊರೇ ಬರಿಗಾಲಲ್ಲಿ ಸುತ್ತಿತು, ಮುಂದಾಳು ಅಸ್ತಾ, ಸ್ವಲ್ಪ ಕುಂಟುತ್ತ, ಜೋರಾಗಿ ನಗುತ್ತ. ಹಬ್ಬದ ಕಪ್ಪೆ ಹಾಡಿಗೆ ಅಧ್ಯಕ್ಷ ಟೂರೆ ಕಪ್ಪೆಯ ಹಾಗೆ ಕುಕ್ಕರಗಾಲಲ್ಲಿ ಕುಪ್ಪಳಿಸಿ ಅಂಗಾತ ಬಿದ್ದ, ಅವನಿಗೇನೂ ಆಗಲಿಲ್ಲ, ನೆಲ ಅಷ್ಟು ಮೆತ್ತಗಿತ್ತು. ಹೋದ ವರ್ಷ ಅರ್ಧಕ್ಕೆ ನಿಂತ ಹಾಡನ್ನು ನಾನು ಎತ್ತಿಕೊಂಡು ಪೂರ್ತಿ ನುಡಿಸಿದೆ. ತಪ್ಪು ಸ್ವರಗಳು ಬಹಳ ಬಂದವು, ಕಣ್ಣು ತುಂಬಿಕೊಂಡರೆ ಬೆರಳಿಗೆ ಏನು ಕಾಣುತ್ತದೆ? ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ. ಆ ಒಂದು ವಿಷಯದಲ್ಲಿ ನಮ್ಮವರು ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದು.

ಮರುದಿನ ಬೆಳಿಗ್ಗೆ ಕಾಫಿಗೆಂದು ಹೋದಾಗ ಕೋಲು ಹುಲ್ಲಿನಲ್ಲಿ ಹಾಗೇ ನಿಂತಿತ್ತು. ಅಸ್ತಾ ಅಂಗಳದ ಹಗ್ಗಕ್ಕೆ ಮೇಜಿನ ಬಟ್ಟೆಗಳನ್ನು ಹಾಕುತ್ತಿದ್ದಳು, ಬರಿಗಾಲಲ್ಲಿ. ಹೆಲ್ಮರ್ ಮಂಡಿಯೂರಿ ಕೂತು ಹಬ್ಬದವರು ತುಳಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ಆಗಲೇ ಗಟ್ಟಿಯಾಗ್ತಿದೆ" ಎಂದ, ಮುಖದ ತುಂಬ ಸಂತೋಷ. "ಬರೋ ವಸಂತಕ್ಕೆ ಮತ್ತೆ ಮಾಡ್ಬೇಕು. ಟೂರೆ ತನಗೂ ಒಂದು ಫೋರ್ಕು ಮಾಡಿಕೊಡು ಅಂದ. ತಾನಾಗೇ ಬಾಯಿಬಿಟ್ಟು ಕೇಳ್ದ ಕಣೇ."

ನಾನು ಕೋಲನ್ನು ಕಿತ್ತು ತರಲು ಹೋದೆ.

"ಇರ್ಲಿ ಬಿಡೇ" ಎಂದಳು ಅಸ್ತಾ, ಬಟ್ಟೆ ಕೊಡವುತ್ತ. "ಬೇಕಾದಾಗ ಎಲ್ಲಿದೆ ಅಂತ ಗೊತ್ತಲ್ಲ."

ಆ ಬೇಸಿಗೆಯೆಲ್ಲ ಹೆಲ್ಮರ್ ಆ ಕೋಲಿನ ಸುತ್ತ ಹುಲ್ಲು ಕತ್ತರಿಸಿದ.